ಮುದ್ರೆಗೈ ಬಂಡೆ

ಎರೆಗುಂಟೆಯಿಂದ ಪಡುವಣಕ್ಕೆ, ಗಾಳಿಯಂತ್ರಗಳ ಸಾಲು ಮುಗಿಯುವಲ್ಲಿ, ಒಂದು ಮರವೂ ಇಲ್ಲದ ಕರಿಯ ದಿಣ್ಣೆಯಿದೆ. ಅದರ ನೆತ್ತಿಯ ಮೇಲಿನ ಹಾಸುಗಲ್ಲಿಗೆ ಮುದ್ರೆಗೈ ಬಂಡೆ ಎಂದು ಹೆಸರು. ಈಚೆಗೆ ಬೈಕುಗಳಲ್ಲಿ ಬಂದು ಅಲ್ಲಿ ಫೋಟೋ ತೆಗೆಸಿಕೊಂಡು ಹೋಗುವವರು ಹೆಚ್ಚಾಗಿದ್ದಾರೆ. ಯಾರೋ ಪುಣ್ಯಾತ್ಮರು ದಾರಿಬದಿಯಲ್ಲಿ ತಗಡಿನ ಬೋರ್ಡು ನೆಟ್ಟು, ಯೋಗಿಯೊಬ್ಬ ಇಲ್ಲಿ ಬೆರಳುಗಳಲ್ಲಿ ಮುದ್ರೆ ಹಿಡಿದು ತಪಸ್ಸು ಮಾಡಿದನೆಂದು ಬರೆಸಿದ್ದಾರೆ. ಊರವರನ್ನು ಕೇಳಿದರೆ ಅವರೂ ಹೌದೆಂದು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸುವವರಲ್ಲಿ ಗೌಡರ ಮನೆತನದವರೇ ಮುಂದು ಎಂಬುದನ್ನು ಬಂದವರು ಗಮನಿಸುವುದಿಲ್ಲ. ಯೋಗಿಯೂ ಇಲ್ಲ, ತಪಸ್ಸೂ ಇಲ್ಲ. ಆ ಹೆಸರು ಬಂದದ್ದು ಒಬ್ಬ ಕಮ್ಮಾರನ ಬಲಗೈಯಿಂದ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಎರೆಗುಂಟೆಯ ಮಾಳಮ್ಮನ ಗುಡಿಯಿಂದ ಅಮ್ಮನ ಬೆಳ್ಳಿಯ ಮುಖವಾಡ ಕಳವಾಯಿತು ಎನ್ನುತ್ತಾರೆ. ಬಾಗಿಲು ಮುರಿದಿರಲಿಲ್ಲ, ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಊರಗೌಡ ದ್ಯಾಮೇಗೌಡನ ಸೊಂಟದಲ್ಲಿ. ಬೀಗ ಮಾಡಿಕೊಟ್ಟಿದ್ದವನು ಕಮ್ಮಾರ ಕಾಳಾಚಾರಿ. ಗೌಡನ ಸೊಂಟದ ಕಡೆ ನೋಡುವ ಧೈರ್ಯ ಯಾರಿಗಿತ್ತು? ಎಲ್ಲರೂ ಕುಲುಮೆಯ ಕಡೆ ನೋಡಿದರು. ಮಾಡಿದವನಿಗೆ ಇನ್ನೊಂದು ಬೀಗದ ಕೈ ಮಾಡುವುದು ಎಷ್ಟರ ಕೆಲಸ ಎಂದು ಮೊದಲು ಹೇಳಿದವನು ಗೌಡನೇ. ಪಾಳೆಯಗಾರನ ನ್ಯಾಯ ಸರಳವಾಗಿತ್ತು. ಕಾದ ನೇಗಿಲ ಗುಳವನ್ನು ಹಿಡಿದು ಅಮ್ಮನ ಮುಂದೆ ನಡೆಯಬೇಕು. ಬಳಿಕ ಕೈಗೆ ಚರ್ಮದ ಚೀಲ ತೊಡಿಸಿ, ಮಣಿಕಟ್ಟಿನಲ್ಲಿ ಅರಗಿನ ಮುದ್ರೆ ಒತ್ತುತ್ತಾರೆ. ಮೂರನೆಯ ದಿನ ಮುದ್ರೆ ಒಡೆದು ನೋಡಿದಾಗ ಅಂಗೈ ಸುಟ್ಟಿದ್ದರೆ ಕಳ್ಳ, ಇಲ್ಲದಿದ್ದರೆ ಸಾಚಾ.

ಆದರೆ ಊರಿನಲ್ಲಿ ಗುಳ ಕಾಯಿಸುವವನು ಕಾಳಾಚಾರಿಯೊಬ್ಬನೇ. ತನ್ನ ಕೈಗೆ ತಾನೇ ಕಾಯಿಸಿಕೊಂಡರೆ ಅದು ಬೆಚ್ಚಗಾದೀತೇ ಹೊರತು ಕೆಂಪಗಾದೀತೇ ಎಂದು ಜನ ಅನುಮಾನಪಟ್ಟರು. ಪಕ್ಕದೂರಿನ ಕಮ್ಮಾರನನ್ನು ಕರೆಸೋಣವೆಂದರೆ ಅವನು ಇವನ ಷಡ್ಡಕ. ಕೊನೆಗೆ ಕುಂಬಾರನ ಆವಿಗೆಯಲ್ಲಿ ಮಡಕೆಗಳ ನಡುವೆ ಗುಳವನ್ನಿಟ್ಟು ಕಾಯಿಸಿದರು. ಕಮ್ಮಾರನ ಅಂಗೈಯಲ್ಲಿ ಮೊದಲೇ ಸುಟ್ಟ ಕಲೆಗಳಿರುತ್ತವಲ್ಲ, ಅವನ್ನು ಪಾಳೆಯಗಾರನ ಪಾರುಪತ್ಯಗಾರ ತಾನೇ ಕೂತು ಪರೀಕ್ಷಿಸಿ, ಹಳೆಯವೆಂಬ ಗುರುತಿಗೆ ಒಂದೊಂದಕ್ಕೂ ಅರಗಿನ ಕೆಂಪು ಹಚ್ಚಿದ. ಉಳಿದವರು ದೂರ ನಿಂತಿದ್ದರು. ಕಾಳಾಚಾರಿ ಗುಳ ಹಿಡಿದು ನಡೆದ. ಕೂಗಲಿಲ್ಲ. ಅವನ ಹೆಂಡತಿ ಈರಕ್ಕ ಕಂಬದ ಮರೆಯಿಂದ ನೋಡುತ್ತಿದ್ದಳು. ಗಂಡ ನೋವನ್ನು ನುಂಗಿಕೊಂಡನೋ, ನೋವೇ ಆಗಲಿಲ್ಲವೋ ಎಂಬುದು ಅವಳಿಗೆ ಅವನ ಬೆನ್ನು ನೋಡಿದರೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಅವಳು ಬಾಗಿಲು ಹಾಕಿ ಕೇಳಿದಳು.

“ನನ್ ಮುಂದಾದ್ರೂ ಹೇಳು. ಸುಟ್ಟೈತಾ?”

“ಮುದ್ರೆ ಬಿಚ್ಚೋಗಂಟ ಆ ಮಾತು ಆಡಂಗಿಲ್ಲ ಕಣೇ. ಅಮ್ಮನ ಮುಂದೆ ಆಣೆ ಇಕ್ಕಿವ್ನಿ.”

ಮೂರನೆಯ ದಿನ ಬೆಳಗ್ಗೆ ಊರೆಲ್ಲ ಗುಡಿಯ ಮುಂದೆ ಸೇರಿತು. ಪಾರುಪತ್ಯಗಾರ ಬರಲಿಲ್ಲ. ಬಂದದ್ದು ನವಾಬನ ಕುದುರೆ ದಂಡು. ಪಾಳೆಯಗಾರ ಕಾಡು ಸೇರಿದ, ಪಾರುಪತ್ಯಗಾರ ಕೋಟೆ ಬಾಗಿಲಲ್ಲಿ ಸತ್ತ, ಮುದ್ರೆಯ ಉಂಗುರ ಯಾರ ಪಾಲಾಯಿತೋ ತಿಳಿಯಲಿಲ್ಲ. ದೂಳು ಅಡಗಿದ ಮೇಲೆ ಹೊಸ ಅಮಲ್ದಾರ ಚಾವಡಿಯಲ್ಲಿ ಕೂತ. ಅವನ ಪಕ್ಕದಲ್ಲಿ ವೀಳ್ಯದ ತಟ್ಟೆ ಹಿಡಿದು ನಿಂತವನು ಅದೇ ದ್ಯಾಮೇಗೌಡ.

ಅಮಲ್ದಾರ ಕೆಟ್ಟವನೇನಲ್ಲ. ಕಬ್ಬಿಣ ಕಾಯಿಸಿ ಕಳ್ಳನನ್ನು ಹಿಡಿಯುವುದನ್ನು ಕೇಳಿ ನಕ್ಕನಂತೆ. ತಮ್ಮ ನ್ಯಾಯದಲ್ಲಿ ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕು, ಸಾಕ್ಷಿಯಿಲ್ಲದೆ ಯಾರನ್ನೂ ಕಳ್ಳನೆನ್ನುವುದಿಲ್ಲ ಎಂದ. ಈರಕ್ಕನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಕೈ ಬಿಚ್ಚಿಸಿ ಎಂದು ಕಾಲಿಗೆ ಬಿದ್ದಳು. ಅಮಲ್ದಾರ ಹಿಂದೆ ಸರಿದ. ಓಡಿಹೋದ ಬಂಡಾಯಗಾರನ ಮುದ್ರೆಯನ್ನು ತಾನು ಒಡೆದು ನೋಡಿದರೆ ಅವನ ನ್ಯಾಯವನ್ನು ತಾನು ಮುಂದುವರಿಸಿದಂತಾಗುತ್ತದೆ, ಅದು ಮೇಲಿನವರಿಗೆ ಗೊತ್ತಾದರೆ ತನ್ನ ತಲೆ ಉಳಿಯುವುದಿಲ್ಲ. ಕಾಳಾಚಾರಿ ತಾನೇ ಬಿಚ್ಚಿಕೊಳ್ಳಲಿ ಎಂದರೆ, ಮುದ್ರೆ ಒಡೆದುಕೊಂಡವನೇ ಕಳ್ಳ ಎಂದು ಗೌಡ ಆಗಲೇ ಊರ ಕಿವಿಯಲ್ಲಿ ಊದಿದ್ದ. ಸಾಕ್ಷಿಯಿಲ್ಲದ್ದರಿಂದ ಅವನು ಕಳ್ಳನಲ್ಲ, ಮುದ್ರೆ ಬಿಚ್ಚದ್ದರಿಂದ ಸಾಚಾನೂ ಅಲ್ಲ. ಅಮಾವಾಸ್ಯೆಗೊಮ್ಮೆ ಚಾವಡಿಗೆ ಬಂದು ಮುಖ ತೋರಿಸಿ ಹೋಗತಕ್ಕದ್ದು ಎಂದು ಅಪ್ಪಣೆಯಾಯಿತು.

ಹೀಗೆ ಆ ಮನೆಯೊಳಗೆ ಚೀಲದ ಕೈಯೊಂದು ಸಂಸಾರ ಹೂಡಿತು. ಕಾಳಾಚಾರಿ ಎಡಗೈಯಲ್ಲಿ ಇಕ್ಕಳ ಹಿಡಿದ, ಈರಕ್ಕ ಸುತ್ತಿಗೆ ಎತ್ತಿದಳು. ಚರ್ಮ ಸವೆದಲ್ಲಿ ಅವಳೇ ಮೇಲೊಂದು ತುಂಡು ಹೊಲಿದಳು, ಮುದ್ರೆಯ ಮೇಲೆ ಬಟ್ಟೆ ಸುತ್ತಿದಳು. ಮಕ್ಕಳ ನೆಂಟಸ್ತಿಕೆಗೆ ಬಂದವರು ಆ ಕೈ ನೋಡಿ ನೀರು ಕುಡಿಯದೆ ಎದ್ದು ಹೋದರು. ದ್ಯಾಮೇಗೌಡ ಅಮ್ಮನಿಗೆ ಹೊಸ ಬೆಳ್ಳಿಯ ಮುಖವಾಡ ಮಾಡಿಸಿಕೊಟ್ಟು ದೊಡ್ಡ ಭಕ್ತನೆನಿಸಿಕೊಂಡ. ಅಷ್ಟು ಬೆಳ್ಳಿ ಎಲ್ಲಿಂದ ಬಂತೆಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಅನುಮಾನಪಡುವುದರಲ್ಲಿ ಇಷ್ಟು ನುರಿತ ಊರಿಗೆ ಆ ಒಂದು ಅನುಮಾನ ಮಾತ್ರ ಹೇಗೆ ಬರಲಿಲ್ಲವೋ!

ಊರಿನದು ಹಾಗಿರಲಿ. ಈರಕ್ಕನ ಮನಸ್ಸಿನಲ್ಲೂ ಹುಳ ಹೊಕ್ಕಿತ್ತು. ಸುಡದೇ ಇದ್ದಿದ್ದರೆ ಹೆಂಡತಿಯ ಮುಂದೆ ಒಂದು ಸನ್ನೆಯನ್ನಾದರೂ ಮಾಡುತ್ತಿರಲಿಲ್ಲವೇ? ಆಣೆಯಂತೆ ಆಣೆ. ಅವನು ಸಂತೆಗೆ ಹೋಗಿ ತಡವಾಗಿ ಬಂದರೆ ಮುಖವಾಡ ಮಾರಲು ಹೋಗಿದ್ದನೇ ಎಂದು ಅವಳಿಗನ್ನಿಸುತ್ತಿತ್ತು. ಕುಲುಮೆಯ ಬೂದಿ ಕೆದಕುವಾಗ ಬೆಳ್ಳಿಯ ಚೂರು ಸಿಕ್ಕೀತೇ ಎಂದು ಬೆರಳಾಡಿಸುತ್ತಿದ್ದಳು. ಅವನಿಗೆ ಅದು ತಿಳಿದಿತ್ತು. ಬೂದಿಯಲ್ಲಿ ಏನೂ ಸಿಗದ ದಿನ ಅವಳು ನಾಚುತ್ತಿದ್ದಳು, ಮರುದಿನ ಮತ್ತೆ ಕೆದಕುತ್ತಿದ್ದಳು.

ಮುಂದೆ ನವಾಬನೂ ಹೋಗಿ ಕುಂಪಣಿ ಸರ್ಕಾರ ಬಂತು. ಕುಂಪಣಿಯ ನ್ಯಾಯಕ್ಕೆ ಕಬ್ಬಿಣವೂ ಬೇಡ, ಕಣ್ಣೂ ಸಾಲದು, ಕಾಗದ ಬೇಕು. ಇಂಥವನ ಮೇಲೆ ಇಂಥ ಕಳವಿನ ಮೊಕದ್ದಮೆ ಇತ್ತೆನ್ನುವ ಕಾಗದ ಎಲ್ಲಿಯೂ ಇಲ್ಲವೆಂದು ಶಿರಸ್ತೇದಾರ ಹೇಳಿದ. ಮೊಕದ್ದಮೆಯೇ ಇಲ್ಲದ ಮೇಲೆ ಖುಲಾಸೆ ಎಲ್ಲಿಂದ ಕೊಡುವುದು? ಮುಪ್ಪಿನ ಗಂಡ ಹೆಂಡತಿ ಕಚೇರಿಯ ಮೆಟ್ಟಿಲಿಳಿದು ಬಂದರು. ದಾರಿಯಲ್ಲಿ ಕಾಳಾಚಾರಿ ನಿಂತು, “ಇನ್ ಯಾವ್ ರಾಜ್ರು ಬರ್ಬೇಕೋ” ಎಂದನಂತೆ. ಆ ಸುಗ್ಗಿ ಮುಗಿಯುವುದರೊಳಗೆ ತೀರಿಕೊಂಡ.

ಹೆಣ ಹೊರಲು ಯಾರೂ ಬರಲಿಲ್ಲ. ಕಳ್ಳನಿಗೆ ಹೆಗಲು ಕೊಡುವವರು ಯಾರು, ಮೊದಲು ಕೈ ಬಿಚ್ಚಲಿ ಎಂದು ಹಣ್ಣು ಮುದುಕನಾಗಿದ್ದ ದ್ಯಾಮೇಗೌಡ ಅಂಗಳದಲ್ಲಿ ಕೋಲೂರಿ ನಿಂತ. ಮೂವರು ದೊರೆಗಳು ಒಡೆಯದ ಮುದ್ರೆಯನ್ನು ಈರಕ್ಕ ಕುಡುಗೋಲಿನಿಂದ ಒಡೆದಳು. ಒಳಗಿದ್ದ ಕೈ ಮಗುವಿನದರಂತೆ ಬೆಳ್ಳಗೆ ಸಣ್ಣಗಾಗಿತ್ತು. ಅರಗಿನ ಕೆಂಪು ಎಂದೋ ಅಳಿಸಿಹೋಗಿತ್ತು. ಅಂಗೈಗೆ ಅಡ್ಡಲಾಗಿ ಅಗಲವಾದ ಸುಟ್ಟ ಕಲೆ ಇತ್ತು.

“ಅಗೋ ಗುಳದ ಬರೆ!” ಎಂದ ಗೌಡ. ಜನ ಹೂಂಗುಟ್ಟಿದರು.

ಈರಕ್ಕ ಆ ಕೈಯನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಅದು ಗುಳದ ಬರೆಯಲ್ಲ. ಅವಳ ಚೊಚ್ಚಲ ಬಾಣಂತನದ ಕಾಲಕ್ಕೆ ಗಾಡಿಚಕ್ರದ ಪಟ್ಟಿ ಜಾರಿ ಸುಟ್ಟದ್ದು. ಒಳಗೆ ಕೂತ ಕಬ್ಬಿಣದ ಚಕ್ಕೆಯನ್ನು ಅವಳೇ ಜಾಲಿಮುಳ್ಳಿನಿಂದ ಕಿತ್ತಿದ್ದಳು, ಆ ಗುಳಿ ಕಲೆಯ ನಡುವೆ ಹಾಗೇ ಇತ್ತು. ಉಳಿದ ಸಣ್ಣ ಕಲೆಗಳೂ ಅವಳು ಲೋಳೆಸರ ಹಚ್ಚಿ ಮಾಯಿಸಿದವೇ. ಅವಳು ಕಾಣದ ಒಂದು ಕಲೆಯೂ ಅಲ್ಲಿರಲಿಲ್ಲ. ಕುಂಬಾರನ ಆವಿಗೆ ಸರಿಯಾಗಿ ಕಾದಿರಲಿಲ್ಲವೋ, ಅಮ್ಮನೇ ಕೈ ಹಿಡಿದಳೋ, ಅಂತೂ ಅವನ ಕೈ ಸುಟ್ಟಿರಲಿಲ್ಲ. ಅದನ್ನವಳು ಗಂಟಲು ಹರಿಯುವಂತೆ ಕೂಗಿ ಹೇಳಿದಳು. ಗೌಡ ನಕ್ಕು, “ಗಂಡನ ಪರ ಹೆಂಡ್ರು ಸಾಕ್ಷಿ ಯಾವ್ ಸರ್ಕಾರದಾಗೂ ನಡೆಯಂಗಿಲ್ಲವ್ವ” ಎಂದು ಹೊರಟುಹೋದ. ಆ ಮಾತು ಅವಳಿಗೆ ನಾಟಲಿಲ್ಲ. ಒಂದೇ ಚಾಪೆಯಲ್ಲಿ ಮಲಗಿ ಒಂದು ಆಯುಷ್ಯವೆಲ್ಲ ತಾನೂ ಇವನನ್ನು ಕಳ್ಳನೆಂದು ಶಂಕಿಸಿದೆನಲ್ಲ, ನಿನ್ನೆಯಾದರೂ ಬಿಚ್ಚಿದ್ದರೆ ಕೇಳಿಸಿಕೊಳ್ಳಲು ಅವನಿರುತ್ತಿದ್ದನಲ್ಲ ಎಂದು ಆ ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು. ಮಕ್ಕಳು ಅವನನ್ನು ದಿಣ್ಣೆಯ ಮೇಲೆ ಮಣ್ಣು ಮಾಡಿದರು. ಸುತ್ತಿಗೆ ಎತ್ತಿ ಪಳಗಿದ್ದ ಈರಕ್ಕ ಪಕ್ಕದ ಹಾಸುಗಲ್ಲಿನಲ್ಲಿ ತಾನೇ ಆ ಕೈಯನ್ನು ಕೊರೆದಳು ಎನ್ನುತ್ತಾರೆ.

ಇಂದಿಗೂ ದಿಣ್ಣೆ ಹತ್ತಿದವರು ಅದನ್ನು ಕಾಣಬಹುದು. ಬೆರಳುಗಳ ಅಳತೆ ಅಷ್ಟು ಸರಿಯಿಲ್ಲ, ಹೆಬ್ಬೆರಳು ಸೊಟ್ಟಗಿದೆ. ಆದರೆ ಅಡ್ಡ ಕಲೆಯನ್ನೂ ಅದರ ನಡುವಿನ ಗುಳಿಯನ್ನೂ ಬಹಳ ಜತನದಿಂದ ಕೊರೆಯಲಾಗಿದೆ. ಮಳೆ ಬಂದ ದಿನ ಆ ಗುಳಿಯಲ್ಲಿ ನೀರು ನಿಂತಿರುತ್ತದೆ. ಬಂದವರು ಅದರ ಮೇಲೆ ತಮ್ಮ ಕೈಯಿಟ್ಟು, ದೊಡ್ಡದೋ ಚಿಕ್ಕದೋ ಎಂದು ಅಳೆದು ನಗುತ್ತಾರೆ. ಚೀಲವಿಲ್ಲ, ಅರಗಿಲ್ಲ, ಐದು ಬೆರಳೂ ಬಿಡಿಸಿ ಆಕಾಶಕ್ಕೆ ತೋರಿಸಿದ ಬರಿಯ ಅಂಗೈ ಅದು. ಎರೆಗುಂಟೆಯವರು ಅದನ್ನು ಇನ್ನೂ ಮುದ್ರೆಗೈ ಎಂದೇ ಕರೆಯುತ್ತಾರೆ.