ಸತ್ತವರು ಕತೆ ಕೇಳಲು ಬಂದದ್ದು

"ಗುರುಗಳೇ, ಗ್ರೀಕರ ಹಳೆಯ ವೀರಕಾವ್ಯ ಓದಿಸಿದಿರಿ. ಹಡಗುಗಟ್ಟಲೆ ಜನರನ್ನು ಕರೆದುಕೊಂಡು ಹೋದ ನಾಯಕ ಊರಿಗೆ ಒಬ್ಬನೇ ಮರಳಿದ. ಉಳಿದವರು ತಮ್ಮ ಮೂರ್ಖತನದಿಂದಲೇ ಸತ್ತರು ಎನ್ನುತ್ತದೆ ಕಾವ್ಯ. ಹಾಗಾದರೆ ನಾಯಕನ ಮೇಲೆ ಹೊಣೆಯೇ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು, "ಅದೇ ಕಡಲಿನ ಇನ್ನೊಬ್ಬ ನಾಯಕನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ದ್ವೀಪದಲ್ಲಿ ಒಬ್ಬ ಹಡಗಿನ ಯಜಮಾನನಿದ್ದ. ಹುಟ್ಟು ಹಾಕಲು ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಹೋದವನು, ಒಂದು ಹಲಗೆ ಹಿಡಿದು ಒಬ್ಬನೇ ತೇಲಿ ಬಂದ. ದಡದಲ್ಲಿ ಊರೇ ನೆರೆದಿತ್ತು. 'ನಮ್ಮ ಮಕ್ಕಳೆಲ್ಲಿ?' ಎಂದರು. ಅವನು ಹೆದರಿ, 'ಎಷ್ಟು ಹೇಳಿದರೂ ಕೇಳಲಿಲ್ಲ. ನಡುಹಗಲಲ್ಲೇ ಕುಡಿದು ಮಲಗಿದರು. ಹಡಗು ಬಂಡೆಗೆ ಬಡಿಯಿತು' ಎಂದುಬಿಟ್ಟ.

ಜನ ನಂಬಿದರು. ನಂಬಿದ್ದಲ್ಲದೆ, ಪ್ರತಿ ವರ್ಷ ದ್ರಾಕ್ಷಿ ಕೊಯ್ಲಿನ ಹಬ್ಬದೂಟಕ್ಕೆ ಅವನನ್ನೇ ಕರೆದು ಆ ಕತೆ ಹೇಳಿಸಿದರು. ಹೇಳುತ್ತಾ ಹೇಳುತ್ತಾ ಕತೆಗೆ ರೆಕ್ಕೆಪುಕ್ಕ ಹುಟ್ಟಿತು. ಅಲೆ ಬೆಟ್ಟದಷ್ಟಾಯಿತು. ಸತ್ತವರು ವರ್ಷದಿಂದ ವರ್ಷಕ್ಕೆ ಇನ್ನಷ್ಟು ದಡ್ಡರಾದರು. ಎಲ್ಲರಿಗಿಂತ ದಡ್ಡ ಥೇರೋನ ಎಂಬವನು. ಅವನ ಮುದಿ ತಾಯಿ ಪ್ರತಿ ಸಲವೂ ಮುಂದಿನ ಸಾಲಿನಲ್ಲೇ ಬಂದು ಕೂರುತ್ತಿದ್ದಳು. ಬೈಗುಳದಲ್ಲಾದರೂ ಮಗನ ಹೆಸರು ಕಿವಿಗೆ ಬೀಳುತ್ತದಲ್ಲ ಎಂದು ಅವಳ ಆಸೆ. ಅವಳನ್ನು ಕಂಡಾಗಲೆಲ್ಲ ಯಜಮಾನ ಊಟ ಅರ್ಧಕ್ಕೇ ಬಿಡುತ್ತಿದ್ದ.

ನಾಲ್ಕನೆಯ ವರ್ಷ ಕತೆ ಬಂಡೆಯ ಹತ್ತಿರ ಬಂದಿತ್ತು. ಅಷ್ಟರಲ್ಲಿ ಬಂದರಿನ ಕಡೆಯಿಂದ ಹೋ ಎಂಬ ಕೂಗು. ನೋಡಿದರೆ, ಹನ್ನೊಂದು ಮಂದಿಯೂ ನಡೆದು ಬರುತ್ತಿದ್ದಾರೆ! ಎಲ್ಲೋ ದೂರದ ದಡ ಸೇರಿ, ಮರ ಕಡಿದು, ಹೊಸ ಹಡಗು ಕಟ್ಟಿಕೊಂಡು ಬಂದಿದ್ದರು. ಮುದುಕಿ ಮಗನ ಬೆನ್ನಿಗೆ ಮೊದಲು ನಾಲ್ಕು ಗುದ್ದಿದಳು, ಆಮೇಲೆ ತಬ್ಬಿಕೊಂಡಳು. ಯಜಮಾನನ ಕಾಲಂತೂ ನೆಲದ ಮೇಲೆ ನಿಲ್ಲಲಿಲ್ಲ. ಓಡಿದ, ಮುಗ್ಗರಿಸಿದ, ಒಬ್ಬೊಬ್ಬರ ಮುಖ ಮುಟ್ಟಿ ನೋಡಿ ಗೊಳೋ ಎಂದು ಅತ್ತ. ಅಷ್ಟು ಸಂತೋಷ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಥೇರೋನ ಊಟಕ್ಕೆ ಕುಳಿತವನೇ ಒಂದು ಅಂಜೂರ ಬಾಯಿಗೆ ಹಾಕಿಕೊಂಡ. 'ಯಜಮಾನರೇ, ಕತೆ ಯಾಕೆ ನಿಲ್ಲಿಸಿದಿರಿ? ನಾವು ಹೇಗೆ ಸತ್ತೆವು ಅಂತ ನಮಗೂ ಸ್ವಲ್ಪ ಗೊತ್ತಾಗಲಿ' ಎಂದ.

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಈಗಲೂ ಸುಳ್ಳು ಹೇಳಿದರೆ ಮರಳಿ ಸಿಕ್ಕ ಈ ಜನ ಮತ್ತೆ ಕೈಬಿಟ್ಟು ಹೋಗುತ್ತಾರೆ ಎಂದು ಯಜಮಾನನಿಗೆ ಅನ್ನಿಸಿತು. ಮುದುಕಿಯ ಕಡೆ ತಿರುಗಿ, 'ಅವರು ಕುಡಿದಿರಲಿಲ್ಲ ತಾಯಿ. ದಣಿದಿದ್ದೀರಿ, ಮಲಗಿ ಎಂದವನು ನಾನೇ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಾನು ತೂಕಡಿಸಿದೆ' ಎಂದ.

ಥೇರೋನ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟ. ಆ ದಿನ ಯಜಮಾನ ಹೊಟ್ಟೆ ತುಂಬ ಉಂಡ.

ಶಿಷ್ಯನ ಮುಖ ಅರಳಿತು. "ಪುಣ್ಯವಂತ! ಅವನ ಜನ ಬದುಕಿ ಬಂದು ಕೇಳಿದರು. ಕಾವ್ಯದ ನಾಯಕನ ಜನ ಬರಲೇ ಇಲ್ಲವಲ್ಲ, ಗುರುಗಳೇ?"

"ಅದಕ್ಕೇ ಮಗು, ಅಲ್ಲಿ ತಪ್ಪೆಲ್ಲ ಸತ್ತವರದೇ ಆಗಿ ಉಳಿಯಿತು."