ಎರಡು ಹೊಲಗಳ ನಡುವಿನ ಕಂಬ

“ಗುರುಗಳೇ, ಕೆಟ್ಟುಹೋದದ್ದನ್ನು ಅಲ್ಲಿಯೇ ಬಿಟ್ಟು, ಬೇರೆ ಕಡೆ ಹೊಸದಾಗಿ ಶುರುಮಾಡುವುದು ತಪ್ಪೇ?”

ಹೀಗೆ ಕೇಳಿದವನು ಗುರುಬಸಯ್ಯನೆಂಬ ಶಿಷ್ಯ. ಮಠದಲ್ಲಿ ಅವನಿಗೂ ಕೊಟ್ರಯ್ಯನೆಂಬ ಇನ್ನೊಬ್ಬ ಶಿಷ್ಯನಿಗೂ ಎಂಟು ವರ್ಷಗಳ ಗೆಳೆತನವಿತ್ತು. ಈಗ ಆರು ತಿಂಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ. ಗುರುಬಸಯ್ಯ ಬೇರೊಂದು ಮಠಕ್ಕೆ ಹೋಗಲು ಅಪ್ಪಣೆ ಬೇಡಿ ಬಂದಿದ್ದ. ಗೆಳೆತನ ಯಾವ ಕಾರಣಕ್ಕೆ ಕೆಟ್ಟಿತೆಂದು ಅವನು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ. ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಹೊಲಕ್ಕೂ ಪಕ್ಕದವನ ಹೊಲಕ್ಕೂ ನಡುವೆ ಒಂದು ಬೇಲಿಯಿತ್ತು. ಬೇಲಿಯ ನಟ್ಟನಡುವೆ ಒಂದು ದಪ್ಪ ಮರದ ಕಂಬ. ಬೇಲಿಯ ಉಳಿದ ಗೂಟಗಳನ್ನು ಯಾರು ಬೇಕಾದರೂ ಕೀಳಬಹುದಿತ್ತು, ಮತ್ತೆ ನೆಡಬಹುದಿತ್ತು. ಆ ಕಂಬವನ್ನು ಮಾತ್ರ ಯಾರೂ ಕೀಳುವಂತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಇವರಿಬ್ಬರ ತಂದೆಯರ ಕಾಲದಲ್ಲಿ ಅಲ್ಲಿನ ಎರಡು ಮೊಳ ನೆಲಕ್ಕಾಗಿ ಹೊಡೆದಾಟವಾಗಿತ್ತು. ರೈತನ ಚಿಕ್ಕಪ್ಪ ಒಂದು ಕಣ್ಣು ಕಳೆದುಕೊಂಡ. ಪಕ್ಕದ ಮನೆಯ ಆಳೊಬ್ಬ ಪ್ರಾಣವನ್ನೇ ಕಳೆದುಕೊಂಡ. ಆಮೇಲೆ ಊರಿನ ಹಿರಿಯರು ಎರಡೂ ಮನೆಯ ಯಜಮಾನರನ್ನು ಕರೆಸಿದರು. ಗಡಿ ಅಳೆಸಿದರು. ಇಬ್ಬರ ಕೈಯಿಂದಲೂ ಒಂದೇ ಗುಂಡಿಯಲ್ಲಿ ಆ ಕಂಬ ನೆಡಿಸಿ, ಇದನ್ನು ಕಿತ್ತವನು ಕೊಟ್ಟ ಮಾತು ಮುರಿದವನು ಎಂದರು. ಅಂದಿನಿಂದ ಆ ಹೊಲಗಳಲ್ಲಿ ರಕ್ತ ಬೀಳಲಿಲ್ಲ.

ತಂದೆಯರು ಹೋದರು. ಕಂಬ ಉಳಿಯಿತು. ಆದರೆ ಎಷ್ಟಾದರೂ ಅದು ಮರ. ಬುಡ ಮಣ್ಣು ಸೇರುವ ಕಡೆಯಲ್ಲಿ ಕಪ್ಪಾಗತೊಡಗಿತು. ಒಂದು ದಿನ ರೈತ ಅಲ್ಲಿ ಬೆರಳಿಟ್ಟು ಒತ್ತಿ ನೋಡಿದ. ಬೆರಳು ನೆನೆದ ರೊಟ್ಟಿಯೊಳಗೆ ಹೋದಂತೆ ಒಳಗೆ ಹೋಯಿತು.

ಇದು ಪಕ್ಕದವನದೇ ಕೆಲಸ ಎಂದುಕೊಂಡ ರೈತ. ಕಂಬ ತಾನಾಗಿ ಬೀಳಲಿ ಎಂದು ಅವನು ಬುಡಕ್ಕೆ ದನದ ಗಂಜಲ ಸುರಿಯುತ್ತಿದ್ದಾನೆ ಎಂದು ಊರಿನ ಕಟ್ಟೆಯ ಮೇಲೆ ಹೇಳಿದ. ಸಂತೆಯಲ್ಲಿ ಹೇಳಿದ. ನೆಂಟರ ಮನೆಗಳಲ್ಲಿ ಹೇಳಿದ. ಸುರಿದದ್ದನ್ನು ಅವನು ಕಣ್ಣಿಂದ ಕಂಡಿರಲಿಲ್ಲ. ಪಕ್ಕದವನು ಒಂದು ಸಲ, “ನಾನು ಸುರಿದಿಲ್ಲ” ಎಂದ. ಯಾರೂ ನಂಬಲಿಲ್ಲ. ಅವನು ಎರಡನೆಯ ಸಲ ಹೇಳಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು. ಹೀಗೆ ಆರು ವರ್ಷ ಕಳೆಯಿತು.

ಏಳನೆಯ ವರ್ಷದ ಗಾಳಿಗೆ ಕಂಬ ವಾಲಿತು.

“ಕಿತ್ತುಹಾಕಿ ಒಂದು ಕಲ್ಲುಕಂಬ ನೆಟ್ಟರಾಯಿತು” ಎಂದಳು ರೈತನ ಹೆಂಡತಿ. ರೈತ ಒಪ್ಪಲಿಲ್ಲ. ಒಮ್ಮೆ ಕಿತ್ತರೆ ಗುಂಡಿಯ ಅಂಚು ಕುಸಿಯುತ್ತದೆ. ಆಮೇಲೆ ಇಲ್ಲಿತ್ತು ಎಂದು ಒಬ್ಬ, ಅಲ್ಲಿತ್ತು ಎಂದು ಇನ್ನೊಬ್ಬ. ಒಂದು ಗೇಣಿಗೆ ಶುರುವಾದ ಮಾತು ಎಲ್ಲಿಗೆ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಚಿಕ್ಕಪ್ಪನ ಮುಖವನ್ನು ಅವನು ದಿನವೂ ನೋಡುತ್ತಿದ್ದ.

ಅವನು ಬಡಗಿಯ ಬಳಿ ಹೋಗಿ, ನಿಂತ ಕಂಬವನ್ನು ನಿಂತಲ್ಲೇ ಸರಿಮಾಡುವುದು ಹೇಗೆಂದು ಕೇಳಿದ. ಬಡಗಿ ಹೇಳಿದ: “ಒಳಗಿನ ಚೇಗು, ಅಂದರೆ ಮರದ ತಿರುಳು, ಗಟ್ಟಿಯಿದ್ದರೆ ಕಂಬ ಬದುಕುತ್ತದೆ. ಸುತ್ತ ಅಗೆದು, ಕೊಳೆತದ್ದನ್ನು ಒಂದಿಷ್ಟೂ ಬಿಡದೆ ಕೆತ್ತಿ ತೆಗೆ. ಚೆನ್ನಾಗಿ ಒಣಗಿಸು. ಎರಡು ಕಡೆ ಕಲ್ಲುಚಪ್ಪಡಿ ಕೊಟ್ಟು ಕಬ್ಬಿಣದ ಪಟ್ಟಿ ಬಿಗಿ. ಕೊಳೆತದ್ದರ ಮೇಲೆಯೇ ಪಟ್ಟಿ ಬಿಗಿದೆಯೋ, ಹೊರಗೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಕೊಳೆಯುತ್ತಲೇ ಇರುತ್ತದೆ.”

ಮರುದಿನ ಬೆಳಿಗ್ಗೆ ರೈತ ಕಂಬಕ್ಕೆ ಎರಡು ಬಿದಿರುಗಳನ್ನು ಆನಿಸಿ, ಬುಡದ ಮಣ್ಣು ಅಗೆಯತೊಡಗಿದ. ದೂರದಲ್ಲಿ ಬೇಲಿಯ ಮುಳ್ಳು ಸವರುತ್ತಿದ್ದ ಪಕ್ಕದವನು ಅದನ್ನು ಕಂಡ. ಕಂಬ ಕೀಳುತ್ತಿದ್ದಾನೆ ಎಂದುಕೊಂಡ. ಕೈಯಲ್ಲಿದ್ದ ಮಚ್ಚಿನೊಂದಿಗೇ ಓಡಿಬಂದ. ಆರು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಆ ಕೈಯಲ್ಲಿತ್ತು.

ಅವನು ಬೇಲಿಯ ಹತ್ತಿರ ಬರುವುದಕ್ಕೂ ಒಂದು ಬಿದಿರು ಜಾರುವುದಕ್ಕೂ ಸರಿಹೋಯಿತು. ಕಂಬ ಅವನ ಹೊಲದ ಕಡೆಗೆ ಬಾಗಿತು. ರೈತ ಮೊಣಕಾಲಾಳದ ಗುಂಡಿಯಲ್ಲಿ ಕುಳಿತಿದ್ದ. ತಲೆಯೆತ್ತಿದಾಗ ಅವನಿಗೆ ಮಚ್ಚು ಕಾಣಿಸಿತು, ಬೀಳುತ್ತಿರುವ ಕಂಬವೂ ಕಾಣಿಸಿತು. ಅವನು ತನ್ನ ತಲೆಗೆ ಕೈ ಅಡ್ಡ ಹಿಡಿಯಲಿಲ್ಲ.

“ಕೆಂಚಣ್ಣಾ, ಕಂಬ ಹಿಡಿ!” ಎಂದು ಕೂಗಿದ.

ಕೆಂಚಣ್ಣ ಎಂಬುದು ಪಕ್ಕದವನ ಹೆಸರು. ಆ ಹೆಸರು ರೈತನ ಬಾಯಿಗೆ ಬಾರದೆ ಆರು ವರ್ಷವಾಗಿತ್ತು. ಪಕ್ಕದವನು ಮಚ್ಚು ಬಿಸುಟು, ಹೆಗಲು ಕೊಟ್ಟು ಕಂಬವನ್ನು ತಡೆದ. ಎರಡು ತೋಳುಗಳಿಂದ ತಬ್ಬಿ ಹಿಡಿದು ನಿಂತ. ಇನ್ನು ಬಿಡುವಂತಿರಲಿಲ್ಲ. ಬಿಟ್ಟರೆ ಬುಡ ಮುರಿದು, ಗಡಿಯೇ ಹೋಗುತ್ತಿತ್ತು.

ರೈತ ಉಳಿ ತೆಗೆದುಕೊಂಡು ಕೊಳೆತದ್ದನ್ನು ಕೆತ್ತತೊಡಗಿದ. ಪುಡಿಪುಡಿಯಾಗಿ ಕಪ್ಪು ಮರ ಉದುರಿತು. ಒಳಗೆ ಚೇಗು ಕೆಂಪಗೆ ಗಟ್ಟಿಯಾಗಿತ್ತು. ಕಂಬ ಬದುಕುತ್ತದೆ ಎಂದು ಅವನಿಗೆ ಸಮಾಧಾನವಾಯಿತು. ಆಮೇಲೆ ಅವನು ಸುತ್ತಲಿನ ಮಣ್ಣನ್ನು ನೋಡಿದ.

ಪಕ್ಕದವನ ಕಡೆಯ ಮಣ್ಣು ಒಣಗಿ ಹುಡಿಯಾಗಿತ್ತು. ತನ್ನ ಕಡೆಯ ಮಣ್ಣು ಕೆಸರಾಗಿತ್ತು. ಕೆಸರನ್ನು ಬಗೆದಾಗ ಒಂದು ಹೆಗ್ಗಣದ ಬಿಲ ಸಿಕ್ಕಿತು. ಬಿಲದೊಳಗೆ ಕೋಲು ಹಾಕಿ ನೋಡಿದ. ಕೋಲು ಹೋದದ್ದು ತನ್ನ ಬದನೆಯ ಮಡಿಗೆ ನೀರು ಹಾಯಿಸುವ ಕಾಲುವೆಯ ಕಡೆಗೆ. ಇಷ್ಟು ವರ್ಷ ಕಂಬದ ಬುಡಕ್ಕೆ ನೀರು ಕುಡಿಸಿದವನು ತಾನೇ.

ಪಕ್ಕದವನ ಕೆನ್ನೆ ಕಂಬಕ್ಕೆ ಒತ್ತಿತ್ತು. ಗುಂಡಿಯೊಳಗೆ ಏನಿದೆಯೆಂದು ಅವನಿಗೆ ಕಾಣುತ್ತಿರಲಿಲ್ಲ. ಒಂದು ಹಿಡಿ ಜೇಡಿಮಣ್ಣು ಸಾಕಾಗಿತ್ತು ಬಿಲ ಮುಚ್ಚಲು. ರೈತ ಆ ಮಣ್ಣನ್ನು ಕೈಗೆ ತೆಗೆದುಕೊಂಡ. ಆಮೇಲೆ ಕೆಳಗಿಟ್ಟ.

“ಕೆಂಚಣ್ಣ, ನೀರು ಬಂದದ್ದು ನನ್ನ ಕಾಲುವೆಯಿಂದ. ನೀನು ಏನೂ ಮಾಡಿಲ್ಲ. ನಾನು ಊರಿಗೆಲ್ಲ ಸುಳ್ಳು ಹೇಳಿದೆ.”



“ನನ್ನ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ನಿನ್ನ ಮಾತಿನಿಂದ ಮುರಿಯಿತು. ಅದು ನಿನಗೆ ಗೊತ್ತೇ?” ಎಂದ ಪಕ್ಕದವನು.

“ಗೊತ್ತು.”

“ಆಗಲೂ ನೀನು ಸುಮ್ಮನಿದ್ದೆ.”

“ಇದ್ದೆ.”

ಕಂಬ ಅಲುಗಿತು. ಪಕ್ಕದವನು ಬಿಟ್ಟುಬಿಡುತ್ತಾನೆ ಎಂದು ರೈತ ಕಾದ. ಅವನು ಬಿಡಲಿಲ್ಲ.

“ಬೇಗ ಮುಗಿಸು. ತೋಳು ಸೋಲುತ್ತಿದೆ” ಎಂದ.

ರೈತ ಬಿಲವನ್ನು ಕಲ್ಲು ಬಡಿದು ಮುಚ್ಚಿದ. ಗುಂಡಿಯಲ್ಲಿ ಕೆಂಡವಿಟ್ಟು ಬುಡವನ್ನು ಒಣಗಿಸಿದ. ಹೊಗೆ ಪಕ್ಕದವನ ಕಣ್ಣಿಗೆ ಹೋಯಿತು. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಬುಡಕ್ಕೆ ಬೇವಿನೆಣ್ಣೆ ಬಳಿದು, ಎರಡು ಕಡೆ ಚಪ್ಪಡಿ ನಿಲ್ಲಿಸಿ, ಪಟ್ಟಿ ಬಿಗಿದು, ಗರಸು ಮಣ್ಣು ತುಂಬಿ ಬಡಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. “ಇನ್ನು ಬಿಡಬಹುದು” ಎಂದ ರೈತ. ಪಕ್ಕದವನು ಬಿಟ್ಟ. ಕಂಬ ನೆಟ್ಟಗೆ ನಿಂತಿತ್ತು. ಅವನು ತನ್ನ ಮಚ್ಚು ಹುಡುಕಿ ಎತ್ತಿಕೊಂಡು, ಹಿಂತಿರುಗಿ ನೋಡದೆ ಮನೆಗೆ ಹೋದ.

ಅಂದು ಸಂಜೆಯೇ ರೈತ ಕಟ್ಟೆಗೆ ಹೋಗಿ ತನ್ನ ತಪ್ಪು ಹೇಳಿದ. ಸಂತೆಯ ದಿನ ಸಂತೆಯಲ್ಲಿ ಹೇಳಿದ. ಸುಳ್ಳು ಹೇಳಿಬಂದಿದ್ದ ಮನೆಗಳನ್ನು ನೆನಪು ಮಾಡಿಕೊಂಡು ಒಂದೊಂದಕ್ಕೂ ಹೋದ. ಕೆಲವರು ನಕ್ಕರು. ಈಗ ಯಾಕೆ ಈ ಮಾತು ಎಂದರು ಕೆಲವರು. ಮುರಿದುಹೋದ ಸಂಬಂಧದವರ ಊರಿಗೂ ಹೋದ. ಆ ಹುಡುಗನಿಗೆ ಎಂದೋ ಬೇರೆ ಮದುವೆಯಾಗಿತ್ತು. ರೈತ ಅವರ ಅಂಗಳದಲ್ಲಿಯೇ ಕುಳಿತು ಅತ್ತ.

ಕ್ಷಮಿಸಿದೆ ಎಂಬ ಮಾತನ್ನು ಪಕ್ಕದವನು ಎಂದೂ ಆಡಲಿಲ್ಲ. ಆದರೆ ಮುಂದಿನ ಮುಂಗಾರಿನಲ್ಲಿ, ಬಿತ್ತನೆಯ ಹದ ಬಂದ ದಿನ, ರೈತನ ಒಂದು ಎತ್ತು ಕುಂಟಿತು. ಹದ ತಪ್ಪಿದರೆ ಆ ವರ್ಷದ ಬೆಳೆಯೇ ಇಲ್ಲ. ಪಕ್ಕದವನು ತನ್ನ ಎತ್ತನ್ನು ಹೊಡೆದುಕೊಂಡು ಬಂದು ಆ ಕಂಬಕ್ಕೆ ಕಟ್ಟಿ, ಮಾತಾಡದೆ ಹೊರಟುಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಬಸಯ್ಯ ನೆಲ ನೋಡುತ್ತ ಕುಳಿತಿದ್ದ. ಅವನ ಮುಖ ಬಾಡಿತ್ತು. ಆಮೇಲೆ ಮೆಲ್ಲನೆ ಕೇಳಿದ:

“ಆ ಬಿಲವನ್ನು ಪಕ್ಕದವನು ನೋಡಿರಲಿಲ್ಲ. ರೈತ ಏನೂ ಹೇಳದೆ ಅದನ್ನು ಮುಚ್ಚಿಬಿಟ್ಟಿದ್ದರೂ ಕಂಬ ಸರಿಯಾಗುತ್ತಿತ್ತಲ್ಲವೇ, ಗುರುಗಳೇ?”

“ಹೌದು,” ಎಂದರು ಗುರುಗಳು, “ಕಂಬ ಮಾತ್ರ ಸರಿಯಾಗುತ್ತಿತ್ತು.”