ಹಲ್ಲಿ ಇಡದ ಲೆಕ್ಕ

ಬಟ್ಟೆ ಅಂಗಡಿಗೆ ಸುಣ್ಣ ಬಳಿಯುವವರು ಬಂದು ಗೋಡೆಗೆ ಏಣಿ ಹಾಕಿದರು. ಗೋಡೆಯ ಮೇಲಿದ್ದ ಮುದಿ ಹಲ್ಲಿ ಕದಲಲಿಲ್ಲ.

"ಓಡು ತಂಗಿ, ಮೈ ಸುಟ್ಟೀತು," ಎಂದಿತು ಮೂಲೆಯಲ್ಲಿ ಒರಗಿದ್ದ ಹಳೆಯ ಗಜಕೋಲು.

"ನಾನು ಹೋದರೆ ಅಂಗಡಿ ಮುಳುಗುತ್ತದೆ, ಅಣ್ಣ. ನಾನು ಲೊಚಗುಟ್ಟಿದಾಗ ಬಂದ ಹತ್ತು ಗಿರಾಕಿಗಳಲ್ಲಿ ಏಳು ಮಂದಿ ಬಟ್ಟೆ ಕೊಂಡಿದ್ದಾರೆ. ತೀರಿಹೋದ ಸಾಹುಕಾರರು ಪ್ರತಿ ಸಲವೂ ತಲೆಯೆತ್ತಿ ನನಗೆ ಕೈಮುಗಿಯುತ್ತಿದ್ದರು. ಮರೆತೆಯಾ?"

"ಮರೆಯುವುದುಂಟೇ! ಆ ದಿನಗಳೇ ಬೇರೆ. ಆದರೆ ನೀನು ಸುಮ್ಮನಿದ್ದಾಗಲೂ ಹತ್ತರಲ್ಲಿ ಏಳು ಮಂದಿ ಕೊಂಡರು. ಅವರಿಗೂ ಬಟ್ಟೆ ಅಳೆದವನು ನಾನೇ. ಆ ಲೆಕ್ಕವನ್ನು ನೀನು ಇಡಲಿಲ್ಲ."

ಹಲ್ಲಿ ಗಜಕೋಲಿನ ಕಡೆಗೆ ತಲೆ ತಿರುಗಿಸಿತು.

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಕೈಮುಗಿದ ಮೇಲೆ ಸಾಹುಕಾರರು ಒಮ್ಮೆ ನಗುತ್ತಿದ್ದರು. ಆ ನಗುವಿನ ಜೊತೆಗೇ ನನ್ನನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಈಗ ಅವರಿಲ್ಲ. ನೀನಾದರೂ ಬದುಕು."

ಸುಣ್ಣದ ಕುಂಚ ಹತ್ತಿರ ಬಂತು. ಹಲ್ಲಿ ಕಿಟಕಿ ದಾಟಿ ಪಕ್ಕದ ಪಾತ್ರೆ ಅಂಗಡಿ ಸೇರಿತು. ಬಾಲದ ತುದಿ ಮಾತ್ರ ಬೆಳ್ಳಗಾಗಿತ್ತು.